ಭಾನುವಾರದ ಗೂಢ ಪದಬಂಧ: ನೈಋತ್ಯ ಮೂಲೆ ಕೂತುಬಿಟ್ಟಿದೆ, ಬಿಡಿಸಲು ಕೈ ಹಾಕಿ

ಬಳಪದಕಡ್ಡಿ
ಮೇಲಿನ ಮುಕ್ಕಾಲು ಭಾಗ ಒಂದು ಪದ ಬಿಟ್ಟು ತುಂಬಿದೆ. ಕೆಳಗಿನ ಎಡಮೂಲೆ ಮಾತ್ರ ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ಸುಳಿವುಗಳು (ಗೂಢ ಪದಬಂಧ, ಹಾಗಾಗಿ ಕೆಲವದರಲ್ಲಿ ಅರ್ಥದ ಜೊತೆ ಅಕ್ಷರದಾಟವೂ ಇದೆ; ಆವರಣದಲ್ಲಿರುವುದು ಮನೆಗಳ ಲೆಕ್ಕ, ಅಕ್ಷರಕ್ಕೊಂದು ಮನೆ):

17 ಅಡ್ಡ: ಪಾಯಸಕ್ಕೆ ಬಿದ್ದ ಚಾಲುಕ್ಯರ ರಾಜಧಾನಿ (3)
21 ಅಡ್ಡ: ವಿಶೇಷದ ಮೊದಲನ್ನು ಕತೆ ನುಂಗಿದರೆ ಪದ್ಯ (3)
24 ಅಡ್ಡ: ಚಿನ್ನದ ಸೀರೆ ಉಟ್ಟ ಹೂವು (5)
17 ಉದ್ದ: ಪುಚ್ಛದ ಹಿಂದೆ ವ್ಯಂಜನಗಳ ಮುಂದಾಳು ನಿಂತರೆ ಹುಡುಗ (3)
18 ಉದ್ದ: ಪೈರಿಗೆ ಹಿಂಡಾಗಿ ಬರುವ ಕಾಟ (3)
22 ಉದ್ದ: ಮಾನವಿ ಕಲಕಿದರೆ ದೇವನಹಳ್ಳಿಯಲ್ಲಿ ಇಳಿಯುತ್ತದೆ (3)

ಮೂಲೆಯ ಆಕಾರ: 17 ಅಡ್ಡದ ಮೊದಲ ಮನೆಯಿಂದ 17 ಉದ್ದ, ಮೂರನೇ ಮನೆಯಿಂದ 18 ಉದ್ದ ಇಳಿಯುತ್ತವೆ. ನಡುಮನೆಯ ಕೆಳಗೆ ಕಪ್ಪು. ಎರಡೂ ಉದ್ದಗಳ ಕೊನೆಯ ಮನೆಗಳು 21 ಅಡ್ಡದ ಮೊದಲ ಮತ್ತು ಕೊನೆಯ ಮನೆಗಳು. 21ರ ನಡುಮನೆಯಿಂದ 22 ಉದ್ದ ಇಳಿದು, 24 ಅಡ್ಡದ ಎರಡನೇ ಮನೆಯಲ್ಲಿ ನಿಲ್ಲುತ್ತದೆ.

ಸದ್ಯ 17 ಅಡ್ಡ ವಾತಾಪಿ, 18 ಉದ್ದ ಪಿಡುಗು ಅಂತ ಬರೆದಿದೆ. ಎರಡೂ ಅಚ್ಚುಕಟ್ಟಾಗಿ ಕೂರುತ್ತವೆ. ಆದರೆ ‘ವಾ’ದಿಂದ ಶುರುವಾಗುವ ಹುಡುಗನೂ ಇಲ್ಲ, ‘ಗು’ಯಿಂದ ಮುಗಿಯುವ ಪದ್ಯವೂ ಇಲ್ಲ. 24ಕ್ಕೆ ಕನಕಾಂಬರ ಇರಬಹುದು ಅನ್ನಿಸಿತು. ಕನಕ, ಅಂಬರ ಎಂದು ಎಣಿಸಿದರೆ ಆರು ಮನೆ ಆಗುತ್ತದೆ, ಹಾಗಾಗಿ ಬಿಟ್ಟಿದೆ.

ಎಂಟನೇ ಅಡ್ಡರಸ್ತೆ
ಬಿಟ್ಟ ಕನಕಾಂಬರವೇ ಸರಿ, ಬರೆದ ಎರಡೂ ತಪ್ಪು.

24ರಿಂದ ಶುರು ಮಾಡಿ. ಕನಕ ಅಂದರೆ ಚಿನ್ನ, ಅಂಬರ ಅಂದರೆ ಬಟ್ಟೆ. ಬಿಡಿಬಿಡಿಯಾಗಿ ಕ-ನ-ಕ-ಅಂ-ಬ-ರ ಆರು ಹೌದು. ಸೇರಿದಾಗ ‘ಕ’ದ ಅಕಾರವೂ ‘ಅಂ’ನ ಅಕಾರವೂ ಕೂಡಿ ‘ಕಾಂ’ ಆಯಿತು, ಸವರ್ಣದೀರ್ಘ. ಕ-ನ-ಕಾಂ-ಬ-ರ, ಐದು. ಕೂಡು ಸುಳಿವಿನ (ಎರಡು ಪದ ಸೇರಿ ಉತ್ತರ ಆಗುವಂಥದ್ದು) ಉತ್ತರ ಎಣಿಸುವಾಗ ಸಂಧಿ ಆದ ಮೇಲಿನ ರೂಪವನ್ನೇ ಎಣಿಸಬೇಕು. ಶಾಲೆಯಲ್ಲಿ ಕಂಠಪಾಠ ಮಾಡಿಸಿದ ಸಂಧಿ ಇಲ್ಲಿ ಲೆಕ್ಕದ ಕೆಲಸಕ್ಕೆ ಬರುತ್ತದೆ:

ಲೋಪ: ಊರು + ಅಲ್ಲಿ = ಊರಲ್ಲಿ. ನಾಲ್ಕಿದ್ದದ್ದು ಮೂರು.
ಗುಣ: ಸೂರ್ಯ + ಉದಯ = ಸೂರ್ಯೋದಯ. ಐದಿದ್ದದ್ದು ನಾಲ್ಕು.
ಯಣ್: ಅತಿ + ಅಂತ = ಅತ್ಯಂತ. ನಾಲ್ಕಿದ್ದದ್ದು ಮೂರು.
ಆಗಮ: ಮನೆ + ಅಲ್ಲಿ = ಮನೆಯಲ್ಲಿ. ನಾಲ್ಕು ನಾಲ್ಕೇ, ‘ಅ’ ಹೋಗಿ ‘ಯ’ ಬರುತ್ತದೆ.
ಆದೇಶ: ಬೆಟ್ಟ + ತಾವರೆ = ಬೆಟ್ಟದಾವರೆ. ಲೆಕ್ಕ ಬದಲಾಗದು, ಅಕ್ಷರ ಬದಲಾಗುತ್ತದೆ. ಇದೇ ಹೆಚ್ಚು ಕಾಡುವುದು, ಯಾಕೆಂದರೆ ಮನೆ ಸರಿಹೋಯಿತು ಅಂತ ‘ತಾ’ ಬರೆದು ಮುಂದೆ ಹೋಗಿಬಿಡುತ್ತೇವೆ.

ಈಗ 24ರ ಎರಡನೇ ಮನೆ ‘ನ’. ಅಂದರೆ 22 ಉದ್ದ ‘ನ’ದಿಂದ ಮುಗಿಯಬೇಕು. ಮಾ-ನ-ವಿ ಕಲಕಿ: ವಿ-ಮಾ-ನ. ಇಳಿಯುವುದು ಎಲ್ಲಿ ಅಂತ ಸುಳಿವೇ ಹೇಳಿದೆ. ಅಲ್ಲಿಗೆ 21 ಅಡ್ಡದ ನಡುಮನೆ ‘ವಿ’.

ಒತ್ತಕ್ಷರ
ಅಲ್ಲಿಂದ ಮುಂದೆ ನಾನು ತಗೊಳ್ತೀನಿ.

21: ‘ವಿಶೇಷದ ಮೊದಲು’ ಅಂದರೆ ‘ವಿ’. ಅದನ್ನು ‘ಕತೆ’ ನುಂಗಿತು: ಕ(ವಿ)ತೆ. ಪದ್ಯ. ನಡುವೆ ‘ವಿ’ ಬಂದದ್ದು 22ರಿಂದಲೂ ಖಚಿತ. ಎರಡು ಕಡೆಯಿಂದ ಸಾಕ್ಷಿ ಸಿಕ್ಕಿದ ಮೇಲೆ ‘ತೆ’ ಕೊನೆಯ ಮನೆಯಲ್ಲಿ ಕೂತಿತು, ಪಿಡುಗು ಅಲ್ಲಿಗೆ ಸತ್ತಿತು.

17 ಉದ್ದ ‘ಕ’ದಿಂದ ಮುಗಿಯಬೇಕು. ಪುಚ್ಛ = ಬಾಲ. ವ್ಯಂಜನಗಳ ಮುಂದಾಳು = ಕ. ಬಾಲ + ಕ = ಬಾಲಕ.

18 ಉದ್ದ ‘_ _ ತೆ’, ಪೈರಿಗೆ ಹಿಂಡಾಗಿ ಬರುವುದು: ಮಿಡತೆ. 17 ಅಡ್ಡ ‘ಬಾ _ ಮಿ’. ಪಾಯಸಕ್ಕೆ ಬೀಳುವುದೂ ಚಾಲುಕ್ಯರ ಊರೂ ಒಂದೇ: ಬಾದಾಮಿ.

ನೀವು ಎಡವಿದ್ದು ಯಾವ ಸುಳಿವಲ್ಲಿ ಅನ್ನುವುದಕ್ಕಿಂತ ಯಾವ ಕ್ರಮದಲ್ಲಿ ಹೋದಿರಿ ಅನ್ನುವುದನ್ನು ನೋಡಿ. ಈ ಆರರಲ್ಲಿ ನಾಲ್ಕು (17 ಉದ್ದ, 21, 22, 24) ಉತ್ತರವನ್ನು ತಾವೇ ಕಟ್ಟಿ ತೋರಿಸುತ್ತವೆ. ಅಕ್ಷರ ಜೋಡಿಸಿದರೆ ಬರುತ್ತದೆ, ಇಲ್ಲವಾದರೆ ಇಲ್ಲ. 18 ಬರೀ ಅರ್ಥದ ಸುಳಿವು. 17 ಅಡ್ಡದಲ್ಲಿ ಎರಡು ಅರ್ಥ ಇದ್ದರೂ ನೀವು ಹಿಡಿದದ್ದು ಒಂದನ್ನೇ. ತನ್ನ ಸಾಕ್ಷಿ ತಾನೇ ಹೇಳದ ಎರಡನ್ನು ಮೊದಲು ಬರೆದು, ಸಾಕ್ಷಿ ಇರುವ ನಾಲ್ಕನ್ನು ಅವಕ್ಕೆ ಬಗ್ಗಿಸಲು ಹೊರಟಿರಿ. ಮೂಲೆ ಕೂತದ್ದು ಅದಕ್ಕೆ.

ಬಳಪದಕಡ್ಡಿ
ಒಪ್ಪಿದೆ. ಆದರೂ ವಾತಾಪಿಗೆ ಒಂದು ಮಾತು. 642ರಲ್ಲಿ ಪಲ್ಲವರ ನರಸಿಂಹವರ್ಮನ ಕೈಗೆ ‘ಬಿದ್ದ’ ರಾಜಧಾನಿ ಅದೇ ತಾನೆ? ಮೇಲಾಗಿ ವಾತಾಪಿ ಅನ್ನುವ ರಾಕ್ಷಸ ಅಗಸ್ತ್ಯರ ಊಟಕ್ಕೇ ಬಿದ್ದವನು. ‘ಪಾಯಸಕ್ಕೆ ಬಿದ್ದ’ ಅಂದರೆ ಅದು ಅಂತಲೇ ತೋರಿತು.

ಕಪ್ಪುಮನೆ
ವಾತಾಪಿ ಬಿದ್ದದ್ದು ಆಡಿನ ಮಾಂಸವಾಗಿ ಸ್ವಾಮಿ, ಪಾಯಸವಾಗಿ ಅಲ್ಲ. ಅವನ ಅಣ್ಣ ಇಲ್ವಲ ಅಡುಗೆ ಮಾಡಿದ್ದು ನೆನಪಿದ್ದರೆ ಆ ಸಂಶಯವೇ ಬರುತ್ತಿರಲಿಲ್ಲ.

ಸುಳಿವು ಬರೆದವರು ಆ ಬಲೆಯನ್ನು ಬೇಕಂತಲೇ ಹೆಣೆದಿದ್ದಾರೆ ಅನ್ನುವುದು ನಿಜ. ವಾತಾಪಿ, ಬಾದಾಮಿ ಎರಡೂ ಒಂದೇ ಊರು, ಎರಡೂ ಮೂರು ಮನೆ. ಅದಕ್ಕೇ ‘ಪಾಯಸಕ್ಕೆ’ ಅನ್ನುವ ಪದ ಅಲ್ಲಿರುವುದು. ಒಳ್ಳೆಯ ಸುಳಿವಿನಲ್ಲಿ ಅಲಂಕಾರಕ್ಕೆ ಅಂತ ಒಂದು ಪದವೂ ಇರುವುದಿಲ್ಲ. ಉತ್ತರ ಬರೆದ ಮೇಲೆ ಸುಳಿವಿನ ಪ್ರತಿ ಪದಕ್ಕೂ ಕೆಲಸ ಸಿಕ್ಕಿತೇ ನೋಡಿ. ಒಂದು ಪದ ಕೈಕಟ್ಟಿ ನಿಂತಿದ್ದರೆ ಉತ್ತರದ ಮೇಲೆ ಅನುಮಾನ ಪಡಿ.

ಮೂರನೇ ಅಭ್ಯರ್ಥಿಯೂ ಇತ್ತು: ಕಲ್ಯಾಣ. ಚಾಲುಕ್ಯರ ರಾಜಧಾನಿ, ಕ-ಲ್ಯಾ-ಣ ಮೂರು ಮನೆ. ಆದರೆ ಅದನ್ನು ಹಾಕಿದರೆ 18 ಉದ್ದ ‘ಣ’ದಿಂದ ಶುರುವಾಗಬೇಕು. ಕನ್ನಡದಲ್ಲಿ ಬಳಕೆಯ ಯಾವ ಪದವೂ ಣ ಅಥವಾ ಳದಿಂದ ಶುರುವಾಗುವುದಿಲ್ಲ. ಅಡ್ಡ ಪದದ ಮನೆಯೊಂದರಿಂದ ಉದ್ದ ಪದ ಶುರುವಾಗುವುದಾದರೆ ಅಲ್ಲಿ ಣ, ಳ ಬಂದಿತೋ ಇಲ್ಲವೋ ಮೊದಲು ನೋಡಿ. ಬಂದಿದ್ದರೆ ಅಡ್ಡ ಪದ ತಪ್ಪು. ಒಂದು ಕ್ಷಣದ ಕೆಲಸ.

ಹ್ರಸ್ವದೀರ್ಘ
22ರ ಬಗ್ಗೆ ತಕರಾರು. ರಾಯಚೂರು ಜಿಲ್ಲೆಯ ಊರನ್ನು ಮಾನ್ವಿ ಅಂತ ಬರೆಯುವವರೇ ಹೆಚ್ಚು. ಮಾ-ನ್ವಿ, ಎರಡೇ ಮನೆ. ಅದನ್ನು ಕಲಕಿದರೆ ವಿಮಾನ ಹಾರುವುದಿಲ್ಲ.

ಎಂಟನೇ ಅಡ್ಡರಸ್ತೆ
ಸುಳಿವಿನಲ್ಲೇ ‘ಮಾನವಿ’ ಅಂತ ಅಚ್ಚಾಗಿದೆ. ಕಲಕುವುದು ಅಚ್ಚಾದ ಅಕ್ಷರಗಳನ್ನು. ‘ರಾಯಚೂರು ಜಿಲ್ಲೆಯ ಊರು ಕಲಕಿದರೆ’ ಅಂತ ಬರೆದಿದ್ದರೆ ನಿಮ್ಮ ತಕರಾರು ಸರಿ, ಆಗ ಅದು ಅನ್ಯಾಯದ ಸುಳಿವೇ.

ಹ್ರಸ್ವದೀರ್ಘ
ಸರಿ, ಅಷ್ಟು ಬಿಟ್ಟುಕೊಟ್ಟೆ. ಆದರೆ ಇದೇ ಜಾಗದಲ್ಲಿ ಹೊಸಬರಿಗೆ ಒಂದು ಮಾತು ಹೇಳಬೇಕು, ಯಾಕೆಂದರೆ ಇಂಗ್ಲಿಷ್ ಕ್ರಿಪ್ಟಿಕ್ (ಗೂಢ ಪದಬಂಧ) ಬಿಡಿಸಿ ಇಲ್ಲಿಗೆ ಬರುವವರು ಮೊದಲ ದಿನವೇ ಎಡವುವುದು ಇಲ್ಲಿ. ಅಲ್ಲಿ ಕಲಕುವುದು ಬಿಡಿ ಲಿಪಿಚಿಹ್ನೆಗಳನ್ನು. ಇಲ್ಲಿ ಕಲಕುವುದು ಗುಣಿತ, ಒತ್ತು, ಸೊನ್ನೆ ಎಲ್ಲ ಹೊತ್ತ ಇಡೀ ಅಕ್ಷರವನ್ನು. ‘ಸಾಗರ’ ಕಲಕಿ ‘ಸರಾಗ’ ಮಾಡುವಂತಿಲ್ಲ. ‘ಸಾ’ದ ದೀರ್ಘವನ್ನು ಕಿತ್ತು ‘ರ’ಕ್ಕೆ ಅಂಟಿಸಿದಂತಾಯಿತು. ‘ರಮಣ’ ಕಲಕಿದರೆ ‘ಮರಣ’, ಇದು ಸರಿ. ‘ಹವನ’ದಿಂದ ‘ವಹನ’, ‘ಮದನ’ನಿಂದ ‘ದಮನ’, ಇವೂ ಸರಿ. ತಿರುಗಿಸುವುದೂ ಹಾಗೆಯೇ: ದಿನ ತಿರುಗಿದರೆ ನದಿ, ದಾಸ ತಿರುಗಿದರೆ ಸದಾ, ಗಜ ತಿರುಗಿದರೆ ಜಗ, ಮತ ತಿರುಗಿದರೆ ತಮ. ಕೊನೆಯದನ್ನು ‘ಮತ ತಿರುಗಿದರೆ ಕತ್ತಲೆ’ ಅಂತ ಯಾರಾದರೂ ಬರೆದರೆ ಚುನಾವಣೆ ಹೊತ್ತಿಗೆ ಚೆನ್ನಾಗಿರುತ್ತದೆ.

ಗದಗ ಹಿಂದೆಮುಂದೆ ಒಂದೇ. ಗದಗ್ ಅಂತ ಬರೆದರೆ ಅಲ್ಲ. ಊರಿನ ಬೋರ್ಡ್ ನೋಡಿ ಬರೆಯಬೇಡಿ, ಸುಳಿವು ಏನು ಬೇಡುತ್ತದೆ ನೋಡಿ.

ಮೆಟ್ರೊ ಪೆನ್ಸಿಲ್
ಮನೆ ಎಣಿಸುವುದರಲ್ಲೇ ಗೊಂದಲ ಇರುವವರಿಗೆ ಒಂದು ಪ್ರಶ್ನೆ ಕೇಳ್ತೀನಿ. ಕರ್ನಾಟಕ ಎಷ್ಟು ಮನೆ, ಅರ್ಕಾವೊತ್ತು ಯಾವ ಮನೆಗೆ?

ಒತ್ತಕ್ಷರ
ನಾಲ್ಕು. ಕ-ರ್ನಾ-ಟ-ಕ. ರ್ ಉಚ್ಚಾರದಲ್ಲಿ ‘ಕ’ದ ಬೆನ್ನಿಗೆ ಅಂಟಿದಂತೆ ಕೇಳುತ್ತದೆ, ಆದರೆ ಬರಹದಲ್ಲಿ ಅದು ‘ನಾ’ದ ಜೊತೆ. ‘ಕರ್’ ಅಂತ ಒಂದು ಮನೆಗೆ ತುರುಕಿದರೆ ಎರಡನೇ ಮನೆಯಿಂದ ಇಳಿಯುವ ಪದ ಕೆಟ್ಟಿತು. ಸೊನ್ನೆ, ವಿಸರ್ಗ ಎರಡೂ ಹಿಂದಿನ ಅಕ್ಷರದ ಮನೆಯಲ್ಲೇ: ಬೆಂ-ಗ-ಳೂ-ರು ನಾಲ್ಕು, ದುಃ-ಖ ಎರಡು. ಅರ್ಧಾಕ್ಷರದಿಂದ ಮುಗಿಯುವ ಎರವಲು ಪದಗಳಲ್ಲಿ ಆ ಅರ್ಧಾಕ್ಷರಕ್ಕೇ ಒಂದು ಮನೆ: ಪೆ-ನ್ಸಿ-ಲ್ ಮೂರು, ಟ್ರಾ-ಫಿ-ಕ್ ಮೂರು. ಬಸ್ ಆದರೂ ಬಸ್ಸು ಆದರೂ ಎರಡೇ ಮನೆ, ಆದರೆ ಕೊನೆಯ ಮನೆಯಲ್ಲಿ ‘ಸ್’ ಇರಬೇಕೋ ‘ಸ್ಸು’ ಇರಬೇಕೋ ಅನ್ನುವುದನ್ನು ಅಡ್ಡಬರುವ ಪದವೇ ಹೇಳಬೇಕು. ‘ಸ್’ನಿಂದ ಶುರುವಾಗುವ ಪದ ಇಲ್ಲದ್ದರಿಂದ ಅಲ್ಲಿಂದ ಇನ್ನೊಂದು ಪದ ಹೊರಟರೆ ಎರಡೂ ಅಲ್ಲ, ಬೇರೆ ಉತ್ತರವೇ ಇರುತ್ತದೆ.

34 ವ್ಯಂಜನಕ್ಕೆ 13 ಸ್ವರ ಹಚ್ಚಿದರೇ 442 ಅಕ್ಷರ. ಒತ್ತು, ಸೊನ್ನೆ ಇನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ಇಂಗ್ಲಿಷಿನಲ್ಲಿ ಒಂದು ಮನೆಗೆ 26 ಸಾಧ್ಯತೆ. ಹಾಗಾಗಿ ಕನ್ನಡದಲ್ಲಿ ಪದಬಂಧ ಹೆಣೆಯುವವರ ಪಾಡು ಕಷ್ಟ, ಕಪ್ಪುಮನೆ ಜಾಸ್ತಿ ಬೇಕಾಗುತ್ತದೆ. ಬಿಡಿಸುವವರಿಗೆ ಮಾತ್ರ ಲಾಭ. ಅಡ್ಡಬಂದ ಒಂದೇ ಅಕ್ಷರ ನೂರಾರು ಸಾಧ್ಯತೆಗಳನ್ನು ಒರೆಸಿಹಾಕುತ್ತದೆ. ‘_ _ ತೆ’ ಕಂಡೊಡನೆ ಮಿಡತೆ ಹೊಳೆದದ್ದು ಇದರಿಂದಲೇ.

ಕಪ್ಪುಮನೆ
‘ದರೆ’ಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಗೂಢ ಸುಳಿವಿನಲ್ಲಿ ಎರಡು ತುಂಡು ಇರುತ್ತವೆ, ಒಂದು ಕಟ್ಟುವ ತುಂಡು, ಇನ್ನೊಂದು ಅರ್ಥದ ತುಂಡು. ಎಲ್ಲಿ ಮುರಿಯಬೇಕು ಅನ್ನುವುದೇ ಅರ್ಧ ಕೆಲಸ. ಕನ್ನಡದಲ್ಲಿ ಆ ಕೀಲು ಬಹಳ ಸಲ ಪ್ರತ್ಯಯದಲ್ಲೇ ಕಾಣುತ್ತದೆ. ಮೇಲಿನ ಸುಳಿವುಗಳನ್ನೇ ನೋಡಿ: ‘ನುಂಗಿದರೆ | ಪದ್ಯ’, ‘ನಿಂತರೆ | ಹುಡುಗ’, ‘ಕಲಕಿದರೆ | ದೇವನಹಳ್ಳಿಯಲ್ಲಿ ಇಳಿಯುತ್ತದೆ’. ಆ ‘ದರೆ’, ‘ತರೆ’ಯ ಎಡಕ್ಕೆ ಕಟ್ಟುವುದು, ಬಲಕ್ಕೆ ಅರ್ಥ. ಪೆನ್ಸಿಲಿನಲ್ಲಿ ಅಲ್ಲೊಂದು ಗೀಟು ಎಳೆದುಬಿಡಿ.

‘ಒಳಗೆ, ನಡುವೆ, ನುಂಗು, ಅಪ್ಪು’ ಕಂಡರೆ ತುರುಕು. ‘ಹಾರದೊಳಗೆ ಸ್ವರವೊಂದು ಹೊಕ್ಕರೆ ಯುದ್ಧ (3)’: ಸರದ ನಡುವೆ ಮ, ಸಮರ. ಸ ರಿ ಗ ಮ ಪ ದ ನಿ ಏಳೂ ಒಂದೊಂದು ಮನೆಯವು, ಹೆಣೆಯುವವರಿಗೆ ಚಿಲ್ಲರೆ ಕಾಸಿದ್ದಂತೆ. ಲಘು ಅಂದರೆ ‘ಲ’, ಗುರು ಅಂದರೆ ‘ಗ’, ಆಕಾಶ ಅಂದರೆ ‘ಖ’, ಹಸು ಅಂದರೆ ‘ಗೋ’, ಇವೂ ಅದೇ ಜೇಬಿನವು. ‘ತಲೆಯಿಲ್ಲದ, ಕೊನೆಯಿಲ್ಲದ’ ಕಂಡರೆ ಕಳೆ: ‘ತಲೆ ಕಳೆದುಕೊಂಡ ಕೋತಿ ಮನುಷ್ಯನಾದ (2)’, ವಾನರದ ‘ವಾ’ ಹೋಗಿ ನರ. ಇಲ್ಲಿ ‘ದರೆ’ ಇಲ್ಲ, ಕೀಲು ‘ಆದ’ದಲ್ಲಿದೆ. ‘ಹಳೆಯ’ ಅಂದರೆ ಹ ಇರುವಲ್ಲಿ ಪ ಇಟ್ಟು ನೋಡಿ, ಹಳೆಯ ಹುಲಿ ಪುಲಿ.

ಕೀಲೇ ಕಾಣದಿದ್ದರೆ? ಆಗ ಎರಡು ಅರ್ಥದ ಸುಳಿವು ಅಂತ ಹಿಡಿಯಿರಿ, 17 ಅಡ್ಡದ ಜಾತಿ. ‘ದೊರೆಯನ್ನೇ ಹುಡುಕು (3)’, ಅರಸು. ‘ಪಕ್ಕದ ಮನೆಯವರ ಜೊತೆ ಬಂದ ಪ್ರವಾಹ (2)’, ನೆರೆ. ಇದಕ್ಕೆ ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಸುಳಿವೇ ಬೇಡ.

ಬಳಪದಕಡ್ಡಿ
17 ಉದ್ದದಲ್ಲಿ ‘ಹಿಂದೆ’ ಅಂದರೆ ಮೊದಲೋ ಆಮೇಲೋ ಅನ್ನುವುದೂ ಗೊಂದಲ ಮಾಡಿತು. ಪುಚ್ಛದ ಹಿಂದೆ ‘ಕ’ ಅಂದರೆ ಕಬಾಲ ಆಗಬಾರದೇಕೆ?

ಕಪ್ಪುಮನೆ
ಸಾಲಿನಲ್ಲಿ ನಿಂತವರನ್ನು ನೆನೆಸಿಕೊಳ್ಳಿ. ಮೊದಲು ನಿಂತವನ ಹಿಂದೆ ಇರುವವನು ಆಮೇಲಿನವನು. ಆದರೂ ‘ಹಿಂದೆ’ಯನ್ನು ಎರಡೂ ಅರ್ಥದಲ್ಲಿ ಬಳಸುವವರಿದ್ದಾರೆ, ಎರಡನ್ನೂ ಜೋಡಿಸಿ ನೋಡುವುದು ಕ್ಷೇಮ. ಕಬಾಲ ಅಂತ ಪದವಿಲ್ಲ, ತೀರ್ಮಾನ ಅಲ್ಲಿಗೇ ಆಯಿತು.

ಹ್ರಸ್ವದೀರ್ಘ
ಸಂಸ್ಕೃತ ಪರ್ಯಾಯಪದಗಳಿಗೆ ಒಂದು ಯಂತ್ರ ಇದೆ, ಪಟ್ಟಿ ಬಾಯಿಪಾಠ ಮಾಡುವ ಬದಲು ಅದನ್ನು ತಿಳಿದಿದ್ದರೆ ಸಾಕು. ನೀರಿನ ಹೆಸರು ಒಂದು ಹಿಡಿದು ‘ಜ’ ಹಚ್ಚಿದರೆ ತಾವರೆ, ‘ದ’ ಹಚ್ಚಿದರೆ ಮೋಡ, ‘ಧಿ’ ಹಚ್ಚಿದರೆ ಕಡಲು. ಜಲಜ, ಜಲದ, ಜಲಧಿ. ವಾರಿಜ, ವಾರಿದ, ವಾರಿಧಿ. ಅಂಬುಜ, ಅಂಬುದ, ಅಂಬುಧಿ. ನೀರಜ, ನೀರದ. ‘ತಾವರೆ (3)’ ಅಂತ ಬಂದರೆ ಕೊನೆಯ ಮನೆಗೆ ‘ಜ’ ತೆಳ್ಳಗೆ ಬರೆದು ಮುಂದೆ ಹೋಗಿ. ಮೊದಲ ಎರಡು ಮನೆಗೆ ಜಲ, ವಾರಿ, ನೀರ, ಅಂಬು, ಸರೋ, ವನ, ಪಂಕ, ಏನು ಬೇಕಾದರೂ ಬರಬಹುದು. ಮನಸ್ಸಿಗೆ ಮೊದಲು ಬಂದದ್ದನ್ನು ಬರೆಯುವುದೇ ಅಲ್ಲಿ ಆಗುವ ತಪ್ಪು. ‘ಕಮಲ’ವೂ ಮೂರೇ ಮನೆ, ಹಾಗಾಗಿ ‘ಜ’ವನ್ನೂ ಗಟ್ಟಿಯಾಗಿ ಒತ್ತಬೇಡಿ. ‘ಗ’ ಹೋಗುವುದಕ್ಕೆ (ಖಗ, ಉರಗ, ತುರಗ), ‘ಪ’ ಕುಡಿಯುವುದಕ್ಕೂ ಕಾಯುವುದಕ್ಕೂ (ಮಧುಪ, ಪಾದಪ, ನೃಪ, ಭೂಪ).

ಇನ್ನೊಂದು: ಕೊನೆಯ ಮನೆಯ ಅಕ್ಷರಕ್ಕೆ ಕೊಂಬು ಇದ್ದರೆ (ರು, ಲು, ಡು, ಟ್ಟು) ಹೆಚ್ಚಾಗಿ ಅಚ್ಚಗನ್ನಡ ಪದ ಹುಡುಕಿ, ಬರೀ ಅಕಾರ ಇದ್ದರೆ ಸಂಸ್ಕೃತದ ಕಡೆ ತಿರುಗಿ. ಸಂಸ್ಕೃತದಲ್ಲಿ ಆಕಾರದಿಂದ ಮುಗಿಯುವ ಪದ ಕನ್ನಡಕ್ಕೆ ಬಂದು ಎಕಾರ ಆಗುತ್ತದೆ, ಭಾಷೆ, ಲತೆ, ಕವಿತೆ. ಹೆಸರುಗಳಲ್ಲಿ ಮಾತ್ರ ಲತಾ, ಕವಿತಾ ಉಳಿಯುತ್ತವೆ.

ಮೆಟ್ರೊ ಪೆನ್ಸಿಲ್
ಸಲಕರಣೆಯ ಕಡೆಯಿಂದ: ಪೆನ್ನು ಬೇಡ. ಪತ್ರಿಕೆಯ ಕಾಗದ ತೆಳು, 45 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಆಸುಪಾಸು, ಜೆಲ್ ಶಾಯಿ ಹೀರಿಕೊಂಡು ಹರಡುತ್ತದೆ, ‘ಷ’ ಯಾವುದು ‘ಪ’ ಯಾವುದು ಗೊತ್ತಾಗುವುದಿಲ್ಲ. ಗಟ್ಟಿ ಎಚ್‌ಬಿ ಮೊನೆ ಕಾಗದ ಹರಿಯುತ್ತದೆ, 2ಬಿ ಸರಿ. ಕೆಳಗೆ ಒಂದು ರಟ್ಟು ಇಡಿ. ರಬ್ಬರ್ ಎರಡು ಸಲಕ್ಕಿಂತ ಹೆಚ್ಚು ಉಜ್ಜಿದರೆ ಅಚ್ಚಿನ ಗೆರೆಯೂ ಮಾಸುತ್ತದೆ. ಅನುಮಾನದ ಅಕ್ಷರವನ್ನು ಮನೆಯ ಮೇಲಿನ ಬಲಮೂಲೆಯಲ್ಲಿ ಚಿಕ್ಕದಾಗಿ ಬರೆಯಿರಿ, ಎಡಮೂಲೆ ಸಂಖ್ಯೆಯದು. ಒತ್ತಕ್ಷರ ಬರುವ ಮನೆಯಲ್ಲಿ ಮೂಲಾಕ್ಷರವನ್ನು ಮೇಲಿನ ಅರ್ಧದಲ್ಲೇ ಮುಗಿಸಿ. ‘ಸ್ತ್ರೀ’ ಪೂರ್ತಿ ಮನೆಗೆ ಬರೆಯಲು ಹೋದರೆ ಒತ್ತು ಕೆಳಗಿನ ಮನೆಗೆ ಇಳಿಯುತ್ತದೆ, ಆಮೇಲೆ ಅದನ್ನೇ ಬೇರೆ ಅಕ್ಷರ ಅಂತ ಓದಿಕೊಳ್ಳುತ್ತೇವೆ.

ಎಂಟನೇ ಅಡ್ಡರಸ್ತೆ
ನಿಘಂಟು ನೋಡುವುದು ಮೋಸವೇ ಅಂತ ಜಗಳ ಮತ್ತೆ ಶುರು ಮಾಡಬೇಡಿ. ನನ್ನ ಲೆಕ್ಕ: ಉತ್ತರ ಕಟ್ಟಿದ ಮೇಲೆ ಇದೆಯೋ ಇಲ್ಲವೋ ಅಂತ ನೋಡಿದರೆ ಪರೀಕ್ಷೆ, ಕಟ್ಟುವ ಮೊದಲು ನೋಡಿದರೆ ನಕಲು. ಪರೀಕ್ಷೆಗೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟ ಆಗಬಹುದು, ಮೊಬೈಲಿನಲ್ಲಾದರೆ ಅಲರ್ ಅನ್ನುವ ಆನ್‌ಲೈನ್ ನಿಘಂಟು ಸಾಕು. 1894ರ ಕಿಟ್ಟೆಲ್ ಹಳೆಯ ಪದಗಳಿಗೆ ಚೆನ್ನ, ಆದರೆ ಅಲ್ಲಿನ ಕಾಗುಣಿತ ಕೆಲವೆಡೆ ಇವತ್ತಿನದಲ್ಲ. ಬತ್ತ, ಭತ್ತ ಎರಡೂ ಬಳಕೆಯಲ್ಲಿರುವಾಗ ಮಹಾಪ್ರಾಣದ ತೀರ್ಪನ್ನು ನಿಘಂಟಿಗೆ ಬಿಡದೆ ಅಡ್ಡಬರುವ ಪದಕ್ಕೆ ಬಿಡಿ.

ಬಳಪದಕಡ್ಡಿ
ಮೂಲೆ ತುಂಬಿತು. ಬಾದಾಮಿ, ಕವಿತೆ, ಕನಕಾಂಬರ, ಬಾಲಕ, ಮಿಡತೆ, ವಿಮಾನ. ಇನ್ನು ಉಳಿದದ್ದು ಈಶಾನ್ಯದಲ್ಲಿ ಒಂದೇ. 5 ಉದ್ದ: ‘ಬೆಂಗಳೂರ ಸಂಜೆಯೊಳಗೆ ಅಡಗಿದ ಸಾರು (2)’. ‘ಒಳಗೆ’ ಇದೆ ಅಂತ ಏನನ್ನೋ ತುರುಕಲು ನೋಡಿದರೆ ಬರುತ್ತಿಲ್ಲ.

ಒತ್ತಕ್ಷರ
‘ಅಡಗಿದ’ ಅಂದರೆ ತುರುಕುವುದಲ್ಲ. ಅಕ್ಷರಗಳು ಬರೆದ ಕ್ರಮದಲ್ಲೇ ಅಲ್ಲಿ ಕೂತಿವೆ. ಎರಡು ಪದಗಳ ನಡುವಿನ ಜಾಗವನ್ನು ಅಳಿಸಿ ಓದಿ. ಎರಡನೇ ಮನೆಗೆ ಅಡ್ಡದಿಂದ ಏನು ಬಂದಿದೆ?

ಬಳಪದಕಡ್ಡಿ
8 ಅಡ್ಡ ಸಂಪಿಗೆ. ಅದರ ಮೊದಲ ಮನೆ.

ಒತ್ತಕ್ಷರ
ಹಾಗಾದರೆ ಸೊನ್ನೆ ಸಮೇತ ಬಂದಿದೆಯಲ್ಲ!

ಬಳಪದಕಡ್ಡಿ
ರಸಂ.